ಯಾವ ಪೀರಿಯಡ್ಡಿಗೂ ಸೇರದ ಪಾಠ

ನಮ್ಮ ಟೀಚರಮ್ಮನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತಾಡಲು ಎದ್ದು ನಿಂತರೆ ಅವರು ಕತ್ತನ್ನು ಓರೆ ಮಾಡಿ, ಬಲಗಿವಿಯ ಮೇಲೆ ಬಿದ್ದ ಕೂದಲನ್ನು ಸೀಮೆಸುಣ್ಣ ಮೆತ್ತಿದ ಬೆರಳಿನಿಂದ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಕಿವಿಯ ಸುತ್ತ ಬಿಳಿ ಪುಡಿ ಅಂಟಿರುತ್ತಿತ್ತು. ಅವರು ಹಾಗೆ ಕಣ್ಣು ಮುಚ್ಚಿ ನಿಂತಾಗ, ನಾನು ಆಡುವ ಮಾತಿಗೆ ಇಷ್ಟೊಂದು ಬೆಲೆಯೇ ಎಂದು ಗಾಬರಿಯಾಗುತ್ತಿತ್ತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮಾತನ್ನು ಕೈಕೆಲಸ ಬಿಟ್ಟು ಕೇಳಿದವರಿರಲಿಲ್ಲ.

ಮೂವತ್ತರ ದಶಕದ ಮೊದಲ ವರ್ಷಗಳು. ನವುಲೆಯಿಂದ ಸವಳಂಗ ರಸ್ತೆ ಹಿಡಿದು ಶಿವಮೊಗ್ಗದ ಹುಡುಗಿಯರ ಮಿಡ್ಲ್ ಸ್ಕೂಲಿಗೆ ನಾನು ನಡೆದೇ ಹೋಗುತ್ತಿದ್ದೆ. ಟೀಚರಮ್ಮ ಮೈಸೂರು ಕಡೆಯವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ತಾಯಿಯ ಜೊತೆ ಶಾಲೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದರು. ವಿಧವೆ ಕೂದಲು ಉಳಿಸಿಕೊಂಡಿದ್ದಾಳೆಂದು ಆಡಿಕೊಳ್ಳುವವರು ಊರಿನಲ್ಲಿ ಬೇಕಾದಷ್ಟಿದ್ದರು.

ನಮಗೆ ಕನ್ನಡ, ಲೆಕ್ಕ, ಹೊಲಿಗೆ ಮೂರೂ ಅವರದೇ. ಆದರೆ ಯಾವ ಪಾಠ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ರವಿಕೆಗೆ ಬಟ್ಟೆ ಕತ್ತರಿಸುವಾಗ ಭಿನ್ನರಾಶಿ ಬರುತ್ತಿತ್ತು. ಆ ಬಟ್ಟೆಯ ಹತ್ತಿ ಯಾವ ಸೀಮೆಯಿಂದ ಬಂತೆಂದು ನಕಾಶೆ ಬಿಚ್ಚುತ್ತಿದ್ದರು. ಒಮ್ಮೆ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ ನಿಂತು, "ಹೊಲಿಗೆ ಪೀರಿಯಡ್‌ನಲ್ಲಿ ಇದೆಲ್ಲ ಯಾಕೆ?" ಎಂದರು. ಟೀಚರಮ್ಮ, "ಬಟ್ಟೆಗೆ ಟೈಮ್‌ಟೇಬಲ್ ಗೊತ್ತಿಲ್ಲ ನೋಡಿ" ಎಂದು ಕತ್ತರಿ ಆಡಿಸುವುದನ್ನು ಮುಂದುವರಿಸಿದರು.

ಅವರು ನಿಜವಾಗಿ ಕಲಿಸುತ್ತಿದ್ದುದು ಬೇರೆಯೇ. ನಾವು ಏನು ಹೇಳಿದರೂ ಅವರದೊಂದು ಪ್ರಶ್ನೆ: "ಕಂಡಿದ್ದೋ, ಕೇಳಿದ್ದೋ, ಅನ್ನಿಸಿದ್ದೋ?" ಹೊಳೆಯಲ್ಲಿ ನೀರು ಏರಿದೆ ಎಂದರೂ ಅದೇ, ಇತಿಹಾಸದ ರಾಜ ಒಳ್ಳೆಯವನು ಎಂದರೂ ಅದೇ. ಹುಡುಗಿಯರು ಜಗಳವಾಡಿಕೊಂಡು ದೂರು ತಂದರೆ, ಮೊದಲು ಎದುರಿನವಳ ಮಾತನ್ನು ನಾವು ಹೇಳಬೇಕು. ಅದು ತನ್ನ ಮಾತೇ ಎಂದು ಅವಳು ಒಪ್ಪಿದ ಮೇಲೆ ನಮ್ಮ ಸರದಿ. ಅಷ್ಟರೊಳಗೆ ಅರ್ಧ ಜಗಳ ಆರಿಹೋಗುತ್ತಿತ್ತು.

ನಮ್ಮ ತರಗತಿಯಲ್ಲಿ ಗಿರಿಜ ಎಂಬುವಳಿದ್ದಳು, ಅಡಿಕೆ ಮಂಡಿ ಸಾಹುಕಾರರ ಮಗಳು, ನನ್ನ ಗೆಳತಿ. ಅವಳ ಅಪ್ಪ ಶಾಲೆಯ ಕಮಿಟಿಯಲ್ಲಿದ್ದರು. ಹಿಂದಿನ ಸಾಲಿನಲ್ಲಿ ವಳ್ಳಿ ಕೂರುತ್ತಿದ್ದಳು. ಅವಳ ಅಪ್ಪ ರೈಲ್ವೆ ಹಳಿಯ ಕೂಲಿಗೆಂದು ತಮಿಳು ಸೀಮೆಯಿಂದ ಬಂದವನು. ಅವಳ ಕನ್ನಡ ಇನ್ನೂ ತೊದಲು.

ಒಂದು ದಿನ ಕುಂಟೆಬಿಲ್ಲೆ ಆಡಿ ಮನೆಗೆ ಹೋದ ಮೇಲೆ ಗಿರಿಜಳ ಒಂದು ಕಿವಿಯಲ್ಲಿ ಚಿನ್ನದ ಜುಮುಕಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಸಾಹುಕಾರರು ಶಾಲೆಗೆ ಬಂದರು. ವಳ್ಳಿ ತೆಗೆದಿದ್ದಾಳೆ ಎಂದರು. ಅವಳ ಚೀಲ ಕೊಡವಿದರು. ಸೀರೆಯ ತುಂಡಿನಲ್ಲಿ ಕಟ್ಟಿದ ರಾಗಿ ರೊಟ್ಟಿ ಬಿತ್ತೇ ಹೊರತು ಮತ್ತೇನೂ ಇಲ್ಲ. "ಮನೆಗೆ ಸಾಗಿಸಿರ್ತಾಳೆ. ಇವಳ ಹೆಸರು ಹೊಡೆದುಹಾಕಿ" ಎಂದರು ಸಾಹುಕಾರರು. ಹೆಡ್‌ಮಿಸ್ಟ್ರೆಸ್ ತಲೆಯಾಡಿಸಿದರು. ವಳ್ಳಿ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಲೂ ಇರಲಿಲ್ಲ.

ಟೀಚರಮ್ಮ, "ಒಂದು ಸಲ ಮಕ್ಕಳನ್ನ ಕೇಳ್ತೀನಿ, ನೀವೂ ಇರಿ ಸಾಹುಕಾರ್ರೇ" ಎಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿದರು. ವಳ್ಳಿಯೇ ಎಂದು ಎಲ್ಲರಿಗೂ ಗೊತ್ತಿತ್ತು. ಕಂಡಿದ್ದೋ ಎಂದು ಕೇಳಿದರೆ ಕಂಡವರು ಯಾರೂ ಇಲ್ಲ. ಕೊನೆಗೆ ಗಿರಿಜಳ ಕಡೆ ತಿರುಗಿದರು. "ನೀನು ಕಂಡೆಯೇನಮ್ಮ?"

ಗಿರಿಜ ಅಪ್ಪನ ಮುಖ ನೋಡಿದಳು, ಆಮೇಲೆ ಟೀಚರಮ್ಮನ ಮುಚ್ಚಿದ ಕಣ್ಣುಗಳನ್ನು.

"ಇಲ್ಲ ಟೀಚರ್. ಅದು ಬಿದ್ದಿದ್ದೇ ನಂಗೆ ಗೊತ್ತಾಗ್ಲಿಲ್ಲ. ಮನೇಲಿ ಅಪ್ಪ ಯಾರು ತಗೊಂಡ್ರು ಹೇಳು ಅಂತ ಗದರಿದ್ರು. ಹೆದರಿಕೆಯಾಗಿ ವಳ್ಳಿ ಹೆಸರು ಹೇಳ್ಬಿಟ್ಟೆ. ಅವಳ ಕಡೆಯಿಂದ ಯಾರೂ ಕೇಳೋಕೆ ಬರಲ್ಲ ಅನ್ನಿಸ್ತು."

ಸಾಹುಕಾರರ ಮುಖ ಕಪ್ಪಿಟ್ಟಿತು. "ಇದೇನಾ ನೀವು ಕಲಿಸ್ತಿರೋದು? ನಾಲ್ಕು ಜನರ ಎದುರು ಅಪ್ಪನ ಮರ್ಯಾದೆ ತೆಗೆಯೋದನ್ನ?"

"ಅವಳು ಇದ್ದಿದ್ದನ್ನ ಹೇಳಿದಳು. ಜುಮುಕಿ ಎಲ್ಲಿದೆಯೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಜುಮುಕಿ ಕೊನೆಗೂ ಸಿಗಲಿಲ್ಲ. ವಳ್ಳಿಯ ಹೆಸರನ್ನು ಹೊಡೆದುಹಾಕಲಿಲ್ಲ. ಆದರೆ ಅವಳ ಅಪ್ಪ ಈ ಊರಿನ ಸಹವಾಸವೇ ಬೇಡವೆಂದು ಸಂಸಾರ ಕಟ್ಟಿಕೊಂಡು ಭದ್ರಾವತಿಗೆ ಹೊರಟುಹೋದ. ಗಿರಿಜ ಅಂದಿನಿಂದ ಶಾಲೆಗೆ ಬರಲಿಲ್ಲ. ದಾವಣಗೆರೆಯ ಕಡೆ ಗಂಡು ಗೊತ್ತಾಗಿದೆಯೆಂದು ಸುದ್ದಿ ಬಂತು.

ಟೀಚರಮ್ಮ ನನ್ನನ್ನು ಕರೆದುಕೊಂಡು ಗಿರಿಜಳ ಮನೆಗೆ ಹೋದರು. ಸಾಹುಕಾರರು ಹೊರಗೆ ಬರಲೇ ಇಲ್ಲ. ಹೊಸ್ತಿಲಿನಾಚೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ ಮೇಲೆ ಗಿರಿಜಳ ತಾಯಿ ಬಂದರು. ಒಳ್ಳೆಯ ಹೆಂಗಸು, ದನಿ ಏರಿಸಲಿಲ್ಲ.

"ನೀವು ಒಳ್ಳೇದೇ ನೋಡಿರ್ತೀರಿ ತಾಯಿ. ಇದ್ದಿದ್ದನ್ನ ಇದ್ದಹಾಗೆ ಹೇಳೋದು ಕಲಿಸಿದ್ರಿ. ಹೇಳಿದ ಮೇಲೆ ಅವಳು ಎಲ್ಲಿರಬೇಕು ಅನ್ನೋದನ್ನ ಕಲಿಸಿದ್ರಾ? ಅವಳು ಇರಬೇಕಾಗಿರೋದು ಈ ಮನೇಲಿ, ನಿಮ್ಮ ಸ್ಕೂಲಲ್ಲಲ್ಲ."

ಟೀಚರಮ್ಮ ಕೈಮುಗಿದು ತಿರುಗಿದರು. ಬೀದಿಯ ತುದಿಯ ಕಟ್ಟೆಯೊಂದರ ಮೇಲೆ ಕುಸಿದಂತೆ ಕುಳಿತರು. "ಆಯಮ್ಮ ಕೇಳಿದ್ದು ಸರಿ ಮಗು. ನನ್ನ ಹತ್ರ ಉತ್ತರ ಇಲ್ಲ" ಎಂದರು. ದೊಡ್ಡವರು ಉತ್ತರವಿಲ್ಲ ಎನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು.

ಆಮೇಲೆ ಅವರು ಬದಲಾದರು. ಹೊಲಿಗೆಯಲ್ಲಿ ಹೊಲಿಗೆ, ಲೆಕ್ಕದಲ್ಲಿ ಲೆಕ್ಕ. ಪುಸ್ತಕದಲ್ಲಿದ್ದದ್ದನ್ನು ಓದಿಸಿ, ಬಾಯಿಪಾಠ ಒಪ್ಪಿಸಿಕೊಂಡು ಹೋಗುತ್ತಿದ್ದರು. ಹೆಡ್‌ಮಿಸ್ಟ್ರೆಸ್‌ಗೆ ಸಮಾಧಾನವಾಯಿತು. ನಮಗೆ ಮಾತ್ರ ಮನೆಯಲ್ಲಿ ಯಾರೋ ಕಾಯಿಲೆ ಮಲಗಿದ ಹಾಗೆ ಇತ್ತು. ಏನೋ ಹೇಳಲು ಎದ್ದು, ಯಾರೂ ಪ್ರಶ್ನೆ ಕೇಳದೆ ಹೋದರೆ ಹಾಗೇ ಕುಳಿತುಬಿಡುತ್ತಿದ್ದೆವು. ಆ ಬೇಸಿಗೆಯಲ್ಲಿ ಅವರನ್ನು ಭದ್ರಾವತಿಯ ಒಂದು ಪ್ರೈಮರಿ ಶಾಲೆಗೆ ವರ್ಗ ಮಾಡಿದರು. ಮಲೇರಿಯಾಕ್ಕೆ ಹೆದರಿ ಅಲ್ಲಿಗೆ ಯಾರೂ ಒಪ್ಪಿ ಹೋಗುತ್ತಿರಲಿಲ್ಲ.

ನಾನು ಲೋಯರ್ ಸೆಕೆಂಡರಿ ಮುಗಿಸಿ, ಅಪ್ಪನನ್ನು ಕಾಡಿಬೇಡಿ ಟ್ರೈನಿಂಗ್ ಮಾಡಿ, ಶಿವಮೊಗ್ಗದಲ್ಲೇ ಟೀಚರಾದೆ. ಕೆಲಸ ಸಿಕ್ಕ ಮೇಲೆ ರೈಲು ಹತ್ತಿ ಅವರನ್ನು ನೋಡಲು ಹೋದೆ. ಕಬ್ಬಿಣದ ಕಾರ್ಖಾನೆಯ ಕೂಲಿ ಲೈನುಗಳ, ಅಂದರೆ ಸಾಲುಮನೆಗಳ, ಪಕ್ಕದ ಶಾಲೆ. ತಮಿಳು, ತೆಲುಗು, ಕನ್ನಡ ಎಲ್ಲ ಕಲೆತ ಮಕ್ಕಳು. ಒಬ್ಬ ಹುಡುಗಿ ತೆಲುಗಿನಲ್ಲಿ ಹೇಳಿದ್ದನ್ನು ಇನ್ನೊಬ್ಬಳು ಕನ್ನಡದಲ್ಲಿ ಹೇಳುತ್ತಿದ್ದಳು. ಮೊದಲಿನವಳು ಅಲ್ಲವೆಂದು ತಲೆಯಾಡಿಸಿದರೆ ಮತ್ತೆ ಹೇಳಬೇಕು. ಟೀಚರಮ್ಮ ಮತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ತುಂಬ ಇಳಿದುಹೋಗಿದ್ದರು. ಮೈಬಣ್ಣ ಜ್ವರಕ್ಕೆ ಹಳದಿ ತಿರುಗಿತ್ತು.

ಶಾಲೆ ಬಿಟ್ಟ ಮೇಲೆ ಅವರ ಜೊತೆ ಲೈನುಗಳಿಗೆ ಹೋದೆ. ಅವರು ಒಂದೊಂದು ಮನೆಯ ಬಾಗಿಲಲ್ಲೂ ಕೂರುತ್ತಿದ್ದರು. ತಾಯಂದಿರು ಅಕ್ಕಿ ಆರಿಸುತ್ತ, ಮಗುವಿನ ತಲೆ ಬಾಚುತ್ತ ಮಾತಿಗೆ ಬರುತ್ತಿದ್ದರು. ನಿಮ್ಮ ಹುಡುಗಿ ಇವತ್ತು ಹೀಗೆಂದಳು, ನಿಮಗೇನನ್ನಿಸುತ್ತೆ ಎಂದು ಟೀಚರಮ್ಮ ಕೇಳುತ್ತಿದ್ದರು. ಅಪ್ಪಂದಿರು ಪಾಳಿ ಮುಗಿಸಿ ಬಂದರೆ ಅವರನ್ನೂ ಬಿಡುತ್ತಿರಲಿಲ್ಲ.

"ಮಕ್ಕಳಿಗೆ ಮಾತು ಕಲಿಸಿದರೆ ಸಾಲದು ಮಾರಾಯ್ತಿ. ಅದನ್ನ ತಡ್ಕೊಳ್ಳೋ ಮನೇನೂ ಬೇಕು. ನನಗೆ ಇಷ್ಟು ಹೊಳೆಯೋಕೆ ಗಿರಿಜ ಸ್ಕೂಲು ಬಿಡಬೇಕಾಯ್ತು" ಎಂದರು.

ವಳ್ಳಿ ಸಿಕ್ಕಿದ್ದಳೇ ಎಂದು ಕೇಳಿದೆ. ಸಂತೆಯಲ್ಲಿ ಸಿಕ್ಕಿದ್ದಳಂತೆ, ಸೊಂಟದಲ್ಲಿ ಕೂಸು. ಇವರು ಹೆಸರು ಹಿಡಿದು ಕರೆದರೆ ಗುರುತೇ ಇಲ್ಲದವಳ ಹಾಗೆ ನಡೆದುಬಿಟ್ಟಳಂತೆ. "ಅವಳ ಪಾಲಿಗೆ ನಾನೂ ಆ ಸ್ಕೂಲಿನವಳೇ ಅಲ್ವಾ" ಎಂದರು.

ಮಹಾಯುದ್ಧದ ಕಾಲಕ್ಕೆ ಮಲೇರಿಯಾದ ಮದ್ದು ಕ್ವಿನೈನ್ ಸಿಗುವುದು ಕಷ್ಟವಾಯಿತು. ಟೀಚರಮ್ಮನಿಗೆ ಜ್ವರ ನೆತ್ತಿಗೇರಿದೆಯೆಂದು ಸುದ್ದಿ ಬಂದು ನಾನು ಭದ್ರಾವತಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಯಸ್ಸಾದ ತಾಯಿ ಒಬ್ಬರೇ ಒಳಗೆ ಮಲಗಿದ್ದರು. ಲೈನಿನ ಹೆಂಗಸರು ಸರದಿಯಂತೆ ಅವರಿಗೆ ಗಂಜಿ ತಂದು ಕುಡಿಸುತ್ತಿದ್ದರು. ಟೀಚರಮ್ಮನ ಹೆಣ ಹೊತ್ತವರು ಕಾರ್ಖಾನೆಯ ಕೂಲಿಗಳು. ಶಿವಮೊಗ್ಗದಿಂದ ಹೋದವಳು ನಾನೊಬ್ಬಳೇ.

ಯುದ್ಧ ಮುಗಿದ ಮೇಲೆ, ಶಾಲೆ ಶುರುವಾಗುವ ವಾರ, ಒಬ್ಬ ಹೆಂಗಸು ಒಂಬತ್ತು ಹತ್ತು ವರ್ಷದ ಹುಡುಗಿಯ ಕೈ ಹಿಡಿದು ನನ್ನ ತರಗತಿಯ ಬಾಗಿಲಿಗೆ ಬಂದಳು. ದಪ್ಪಗಾಗಿದ್ದಳು, ಮೂವತ್ತಾಗುವ ಮೊದಲೇ ಅಲ್ಲಲ್ಲಿ ಕೂದಲು ನರೆತಿತ್ತು. ದನಿ ಕೇಳಿದ ಮೇಲೆಯೇ ಗಿರಿಜ ಎಂದು ತಿಳಿದದ್ದು. ಗಂಡನ ವ್ಯಾಪಾರ ಶಿವಮೊಗ್ಗಕ್ಕೆ ಬಂದಿತ್ತು.

"ಟೀಚರಮ್ಮ ಹೋದ್ರಂತೆ" ಎಂದಳು. ಹೌದೆಂದೆ.

ಆಮೇಲೆ ಮಗಳನ್ನು ಮುಂದಕ್ಕೆ ತಳ್ಳಿದಳು. "ಇವಳು ಯಾರೇನಂದ್ರೂ ಹೂಂ ಅಂತಾಳೆ ಕಣೇ. ಅದೊಂದನ್ನ ಬಿಡಿಸು. ಮನೇಲಿ ಏನಾದ್ರೂ ಆದ್ರೆ ನಾನಿದೀನಿ."