ಸೋಡಕ್ಕನ ಕಿವಿ ಮತ್ತು ಸದ್ದಿಲ್ಲದ ಕಾರು

ಬೆಳಗಿನ ಐದೂವರೆ. ಒಂಬತ್ತು ಮಹಡಿಯ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಮೂರಕ್ಕೊಂದರಂತೆ ಟ್ಯೂಬ್‌ಲೈಟ್ ಉರಿಯುತ್ತಿದೆ. ಎರಡು ಕಾರುಗಳ ನಡುವಿನ ಕಿಷ್ಕಿಂಧೆಯಲ್ಲಿ, ಮೋಟು ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಕ್ರದ ಸಂದಿ ಉಜ್ಜುತ್ತಿದ್ದಾರೆ. ದೂರದಲ್ಲಿ ಲಿಫ್ಟಿನ ಬಾಗಿಲು ತೆರೆದ ಸದ್ದು. ಉಜ್ಜುವ ಕೈ ಥಟ್ಟನೆ ಹೊರಗೆ ಬರುತ್ತದೆ. ಹೆಜ್ಜೆ ಸದ್ದು ಬೇರೆ ಕಡೆ ತಿರುಗುವವರೆಗೂ ಅವರು ಮೈಯೆಲ್ಲ ಕಿವಿಯಾಗಿ ಕೂತಿರುತ್ತಾರೆ.

"ಐದನೇ ಮಹಡಿಯ ಯಜಮಾನರು. ವಾಕಿಂಗ್ ಹೋಗ್ತಾರೆ, ಕಾರು ತೆಗೆಯಲ್ಲ," ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾ ಮತ್ತೆ ಬ್ರಷ್ ಹಿಡಿಯುತ್ತಾರೆ. ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಅವು ಬ್ರಷ್ಷಿನ ಆಚೆ ನೆಟ್ಟಗೆ ನಿಂತಿರುತ್ತವೆ.

ಕಟ್ಟಡದಲ್ಲಿ ಎಲ್ಲರೂ ಇವರನ್ನು ಸೋಡಕ್ಕ ಎನ್ನುತ್ತಾರೆ. ಕಾರಿನ ಅಲಾಯ್ ಚಕ್ರಗಳನ್ನು ಇವರು ತೊಳೆಯುವುದು ಅಡುಗೆ ಸೋಡಾದಲ್ಲಿ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಸೋಡಾ ಕಲಸಿದ ಪೇಸ್ಟು, ನೀರಿನ ಕಲೆ ಹಟ ಹಿಡಿದರೆ ಅರ್ಧಕ್ಕರ್ಧ ನೀರು ಬೆರೆಸಿದ ವಿನೆಗರ್. ತಕ್ಷಣ ಜಾಲಾಡಿ, ಗಂಡನ ಹಳೇ ಬನಿಯನ್ನಿನಿಂದ ಒರೆಸಿಬಿಡಬೇಕು. ಅಂಗಡಿಯಲ್ಲಿ ಸಿಗುವ ಚಕ್ರ ತೊಳೆಯುವ ದ್ರಾವಣದ ಒಂದು ಸಣ್ಣ ಬಾಟಲಿಯ ಬೆಲೆಗೆ ಇವರ ತಿಂಗಳ ಸಾಮಾನೆಲ್ಲ ಬಂದುಬಿಡುತ್ತದೆ.

ಹೇಳಿಕೊಟ್ಟವರು ಗಂಡ. ಟೈರ್ ಅಂಗಡಿಯಲ್ಲಿದ್ದರು, ಸೊಂಟ ಬಿದ್ದುಹೋಗಿ ಈಗ ಮನೆಯಲ್ಲಿದ್ದಾರೆ. "ಬಿಸಿ ಚಕ್ರ ಮುಟ್ಟಬೇಡ, ಒಂದು ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬೇಡ ಅಂದಿದ್ರು. ಕೆಲವರು ಬೇಗ ಬಿಳಿ ಆಗುತ್ತೆ ಅಂತ ಆಸಿಡ್ ಹಾಕ್ತಾರೆ. ಕಕ್ಕಸಿಗೆ ಹಾಕೋದನ್ನ ಅಷ್ಟು ದುಡ್ಡಿನ ಕಾರಿಗೆ ಹಾಕೋದಾ? ಬಣ್ಣವೇ ಕಿತ್ಕೊಂಡು ಬರುತ್ತೆ."

ಹನ್ನೊಂದು ವರ್ಷಗಳಿಂದ ಇದೇ ಕೆಲಸ. ಬೆಳಗ್ಗೆ ಐದರಿಂದ ಒಂಬತ್ತರೊಳಗೆ ಐದು ಕಾರು, ಇಪ್ಪತ್ತು ಚಕ್ರ. ಕೂತಾಗ ತಲೆ ಕಿಟಕಿಗಿಂತ ಕೆಳಗಿರುವುದರಿಂದ ಒಳಗೆ ಹತ್ತಿದವರಿಗೆ ಇವರು ಕಾಣುವುದಿಲ್ಲ. ಅಷ್ಟೂ ವರ್ಷ ಇವರನ್ನು ಕಾಪಾಡಿದ್ದು ಕಿವಿ. ಕೀ ತಿರುಗಿಸಿದರೆ ಎಂಜಿನ್ ಕೆಮ್ಮುತ್ತದೆ, ಇವರು ಕೈ ಎಳೆದುಕೊಂಡು ಎದ್ದು ನಿಲ್ಲುತ್ತಾರೆ.

ಆಮೇಲೆ ಬಂದವು ಬ್ಯಾಟರಿ ಕಾರುಗಳು. ಅವುಗಳ ಬ್ರೇಕು ಸವೆಯುವುದು ಕಡಿಮೆ, ಕಪ್ಪು ಪುಡಿಯೂ ಕಡಿಮೆ. "ಸೋಪಿನ ನೀರಲ್ಲೇ ಕೆಲಸ ಮುಗೀತಿತ್ತು. ಒಳ್ಳೇದೇ ಆಯ್ತು ಅಂದ್ಕೊಂಡೆ," ಎನ್ನುತ್ತಾರೆ ಸೋಡಕ್ಕ.

ಹೋದ ವರ್ಷದ ಒಂದು ಬೆಳಿಗ್ಗೆ. ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರಮ್ಮನ ಬ್ಯಾಟರಿ ಕಾರು. ಮೂರು ಚಕ್ರ ಮುಗಿಸಿ ಹಿಂದಿನ ಎಡ ಚಕ್ರಕ್ಕೆ ಬಂದಿದ್ದರು. ಚಕ್ರದ ಕಡ್ಡಿಗಳ ನಡುವೆ ಕೈ ಮಣಿಕಟ್ಟಿನವರೆಗೂ ಒಳಗಿತ್ತು. ಡಾಕ್ಟರಮ್ಮ ಫೋನಿನಲ್ಲಿ ಮಾತಾಡುತ್ತಾ ಆಚೆ ಬದಿಯಿಂದ ಬಂದು ಕೂತರು. ಬಾಗಿಲು ಹಾಕಿದ ಸದ್ದು ಪಕ್ಕದ ಕಾರಿನದು ಅಂದುಕೊಂಡರು ಸೋಡಕ್ಕ.

"ಎಂಜಿನ್ ಸದ್ದಿಲ್ಲ, ಏನಿಲ್ಲ. ಬ್ರಷ್ಷು ತಾನಾಗೇ ತಿರುಗಿದ ಹಾಗಾಯ್ತು. ಏನಪ್ಪಾ ಇದು ಅನ್ನೋಷ್ಟರಲ್ಲಿ ಬೆರಳು ಸಿಕ್ಕಾಕ್ಕೊಂಡಿತ್ತು. ಕೂಗಿದ್ರೂ ಒಳಗಿರೋರಿಗೆ ಕೇಳ್ಸಲ್ಲ. ಎಡಗೈಲಿ ನೀರಿನ ಮಗ್ಗು ತಗೊಂಡು ಕಾರಿಗೆ ಬಡಿದೆ."

ಕಾರು ಹಿಂದಕ್ಕೆ ಸರಿದದ್ದು ಒಂದು ಗೇಣು. ಅಷ್ಟರಲ್ಲಿ ಎರಡು ಬೆರಳು ಕಡ್ಡಿಗೂ ಒಳಗಿನ ಬ್ರೇಕಿನ ಕಬ್ಬಿಣಕ್ಕೂ ನಡುವೆ ನುಜ್ಜಾಗಿದ್ದವು. ಬಿಡಿಸಬೇಕಾದರೆ ಕಾರು ಮುಂದಕ್ಕೆ ಹೋಗಬೇಕು. ಇಳಿದು ಬಂದು ನೋಡಿದ ಡಾಕ್ಟರಮ್ಮ ಅಳತೊಡಗಿದರು.

"ಅವರೇ ಮತ್ತೆ ಅದೇ ಕಾರು ಹತ್ತಬೇಕಿತ್ತು. ತಪ್ಪಿ ಹಿಂದಕ್ಕೇ ಬಿಟ್ರೆ ಕೈ ಪೂರ್ತಿ ಹೋಯ್ತು. ನಾನೇ ಅಂದೆ, ಮೇಡಂ, ಅಳಬೇಡಿ, ಮೆಲ್ಲಗೆ ಮುಂದಕ್ಕೆ ಬಿಡಿ, ಒಂದು ಗೇಣು ಸಾಕು ಅಂತ. ಕಣ್ಣು ಮುಚ್ಕೊಂಡೆ."

ಕಾರು ಮುಂದಕ್ಕೇ ಹೋಯಿತು. ಆಸ್ಪತ್ರೆಗೆ ಕರೆದೊಯ್ದವರೂ ಡಾಕ್ಟರಮ್ಮನೇ. ಮೂರನೇ ದಿನಕ್ಕೆ ಕಟ್ಟಡದ ಸಮಿತಿ ನೆಲಮಾಳಿಗೆಯಲ್ಲಿ ಚಕ್ರ ತೊಳೆಯುವುದು ಅಪಾಯ, ನಿಲ್ಲಿಸಿಬಿಡೋಣ ಎಂದು ತೀರ್ಮಾನಿಸಿತು. ಬೆರಳು ಮುರಿದಾಗ ಅಳದಿದ್ದ ಸೋಡಕ್ಕ ಆ ಸುದ್ದಿ ಕೇಳಿ ಅತ್ತರಂತೆ. ಆರು ವಾರದ ಮೇಲೆ, ಕೈಗೆ ಪಟ್ಟಿ ಇರುವಾಗಲೇ ಸಮಿತಿಯ ಮುಂದೆ ನಿಂತರು.

"ಅಷ್ಟು ಜನರ ಮುಂದೆ ಯಾವತ್ತೂ ಮಾತಾಡಿರ್ಲಿಲ್ಲ. ಆದ್ರೂ ಹೇಳ್ದೆ. ಕೆಲಸ ನಿಲ್ಲಿಸಬೇಡಿ. ನಾನು ತೊಳೆಯೋ ಹೊತ್ತು ಕಾರಿನ ಕೀ ಗೇಟಿನ ಕಾವಲುಗಾರರ ಹತ್ರ ಇರ್ಲಿ. ಕೀ ಕೊಡದಿದ್ರೆ ಚಕ್ರ ಮುಟ್ಟಲ್ಲ ಅಂತ."

ಗೊಣಗಾಟವಾಯಿತು. ಕೀ ಕೊಟ್ಟು ಕಾರೇ ಕಳುವಾದರೆ ಎಂದರು ಒಬ್ಬರು. ಮೊದಲು ಕೀ ತಂದು ಮೇಜಿನ ಮೇಲಿಟ್ಟವರು ಡಾಕ್ಟರಮ್ಮ. ಮೂವತ್ತೊಂದು ಮನೆಗಳಲ್ಲಿ ಹತ್ತೊಂಬತ್ತು ಒಪ್ಪಿದವು. ಉಳಿದ ಹನ್ನೆರಡನ್ನು ಸೋಡಕ್ಕ ಬಿಟ್ಟೇಬಿಟ್ಟರು.

"ಇನ್ನು ನಿಶ್ಚಿಂತೆ ಅಲ್ವಾ?" ಎಂದು ಕೇಳುತ್ತೇನೆ.

ಅವರು ನಗುತ್ತಾರೆ. "ಪ್ರತಿ ಕಾರಿಗೂ ಎರಡೆರಡು ಕೀ ಇರುತ್ತೆ ಅಂತ ಆಮೇಲೆ ಗೊತ್ತಾಯ್ತು. ಇನ್ನೊಂದು ಮನೇಲೇ ಇರುತ್ತಲ್ಲ."

ಹೊಲಿಗೆ ಅಂಗಡಿಯಲ್ಲಿ ದುಡಿಯುವ ಮಗಳಿಗೂ ಇದು ಗೊತ್ತು. ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಅದಕ್ಕೇ ಏಳು ಗಂಟೆಗೆ ಸರಿಯಾಗಿ ಸೋಡಕ್ಕ ಇಳಿಜಾರು ಹತ್ತಿ ಮೇಲೆ ಹೋಗಿ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಮ್ಮೆ ಇಪ್ಪತ್ತು ನಿಮಿಷ ತಡವಾದಾಗ ಮಗಳು ಬರಿಗಾಲಲ್ಲಿ ಓಡಿ ಬಂದಿದ್ದಳು. "ಬಿಟ್ಟುಬಿಡಮ್ಮ ಅಂತಾಳೆ. ಬಿಟ್ಟು ಏನು ಮಾಡ್ಲಿ? ಬಂದಿರೋ ವಿದ್ಯೆ ಇದೊಂದೇ."

ಇವತ್ತಿನ ಕೊನೆಯ ಕಾರು ಡಾಕ್ಟರಮ್ಮನದು. ಮೂರು ಚಕ್ರ ಮುಗಿದಿವೆ. ಹಿಂದಿನ ಎಡ ಚಕ್ರದ ಮುಂದೆ ಸ್ಟೂಲು ಹಾಕಿಕೊಂಡ ಸೋಡಕ್ಕ ಬ್ರಷ್ಷನ್ನು ನೀರಿನಲ್ಲಿ ಅದ್ದುತ್ತಾರೆ, ತೆಗೆಯುತ್ತಾರೆ, ಮತ್ತೆ ಅದ್ದುತ್ತಾರೆ. ಕೀ ಗೇಟಿನಲ್ಲಿದೆ ಎಂದು ನಮ್ಮಿಬ್ಬರಿಗೂ ಗೊತ್ತು.

"ಒಂದೈದು ನಿಮಿಷ ಕಾರಿನ ಆ ಕಡೆ ಬಾಗಿಲ ಹತ್ರ ನಿಂತ್ಕೊಳ್ತೀರಾ? ಯಾರಾದ್ರೂ ಬಂದ್ರೆ ಹೇಳಿ," ಎನ್ನುತ್ತಾರೆ, ನನ್ನ ಮುಖ ನೋಡದೆ.

ನಿಲ್ಲುತ್ತೇನೆ. ಕಾರಿನ ಆಚೆ ಬದಿಯಿಂದ ಅವರು ನಿಜಕ್ಕೂ ಕಾಣುವುದಿಲ್ಲ. ಸೋಡಾ ಉಜ್ಜುವ ಸದ್ದು ಮಾತ್ರ. ಲಿಫ್ಟು ಎಲ್ಲೋ ಮೇಲೆ ನಿಂತು ಕೆಳಗಿಳಿಯತೊಡಗುತ್ತದೆ. ನನಗರಿವಿಲ್ಲದೆ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದೇನೆ. ಲಿಫ್ಟು ಮೊದಲ ಮಹಡಿಯಲ್ಲೇ ನಿಲ್ಲುತ್ತದೆ.

"ಆಯ್ತು, ಬಿಡಿ," ಎಂಬ ದನಿ ಕೇಳಿ ಸುತ್ತಿ ಬರುತ್ತೇನೆ. ಚಕ್ರ ಫಳಫಳ ಎನ್ನುತ್ತಿದೆ. ಸೋಡಕ್ಕ ಬನಿಯನ್ ಹಿಂಡುತ್ತಿದ್ದಾರೆ. ಏನಾದರೂ ಆಸೆ ಇದೆಯಾ ಎಂದು ಕೇಳಿದರೆ ಬನಿಯನ್ ಕೊಡವಿ ಸ್ಟೂಲಿನ ಮೇಲೆ ಹರಡುತ್ತಾರೆ.

"ನೀವು ಪೇಪರಿನವರಲ್ವಾ, ಕಾರು ಮಾಡೋರು ಓದ್ತಾರೋ ಏನೋ. ಅದಕ್ಕೊಂದು ಸದ್ದು ಇಡಿ ಅಂತ ಬರೀರಿ. ದೊಡ್ಡದೇನೂ ಬೇಡ. ಹಳೇ ಫ್ಯಾನು ತಿರುಗೋವಷ್ಟು ಸಾಕು, ನಾನು ಕೇಳಿಸ್ಕೊಳ್ತೀನಿ."