ಅಣ್ಣನ ಎತ್ತರಕ್ಕೆ ಕಟ್ಟಿದ ಬ್ಯಾಂಡು

ಹನ್ನೊಂದನೇ ದಿನದ ತಿಥಿಯಂದು ಅಣ್ಣನ ಫೋಟೊಗೆ ಹಾರ ಹಾಕಲು ಬಲಗೈ ಎತ್ತಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು.

ಮೇಲೆ ಹೋಗಲಿಲ್ಲ.

ದುಃಖಕ್ಕೆ ಕೈ ಸೋತಿತು ಎಂದುಕೊಂಡು ಯಾರೋ ಹಾರ ಇಸಿದುಕೊಂಡು ಹಾಕಿದರು. ನನಗೆ ಆಗಿದ್ದು ನೋವು. ಭುಜದೊಳಗೆ ತಿರುಪು ಬಿಗಿದಂಥ ನೋವು.

ಸುಬ್ರಹ್ಮಣ್ಯಪುರದ ನಮ್ಮ ಮನೆಯಲ್ಲಿ ಕೆಳಗೆ ಅಣ್ಣ, ಅತ್ತಿಗೆ. ಮೇಲೆ ನಮ್ಮ ಸಂಸಾರ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಆರಕ್ಕೆ ಜೆ.ಪಿ. ನಗರದ ಕೋರ್ಟಿನಲ್ಲಿ ಅಣ್ಣ, ನಾನು ಜೋಡಿಯಾಗಿ ಟೆನಿಸ್ ಆಡುತ್ತಿದ್ದೆವು. ಒಂದು ಬೆಳಿಗ್ಗೆ ಹೃದಯಾಘಾತವಾಯಿತು. ಅಣ್ಣ ಹೋದ.

"ಅಣ್ಣನ ಚಟ್ಟ ಹೊತ್ತಿದ್ದಕ್ಕೆ ಹೀಗಾಯ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಇಲ್ಲ. ವರ್ಷಗಟ್ಟಲೆ ಸರ್ವ್ ಮಾಡಿದ್ದಕ್ಕೆ. ಭುಜದೊಳಗಿನ ಸ್ನಾಯು, ರೊಟೇಟರ್ ಕಫ್ ಅಂತೀವಿ, ಸವೆದಿದೆ. ಆಪರೇಷನ್ ಬೇಡ, ಬ್ಯಾಂಡ್ ಎಕ್ಸರ್‌ಸೈಸ್ ಮಾಡಿ."

ಬಿಳೇಕಹಳ್ಳಿಯ ಫಿಸಿಯೋ ಮೇಡಂ ಕಲಿಸಿದರು. ಕಂಕುಳಲ್ಲಿ ಸುತ್ತಿದ ಟವೆಲ್. ಮೊಣಕೈ ಮಡಿಸಿ ಪಕ್ಕೆಗೆ ಒತ್ತಬೇಕು. ಕಂಬಿಗೆ ಕಟ್ಟಿದ ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆದು ನಿಧಾನವಾಗಿ ಬಿಡಬೇಕು. ಹದಿನೈದು ಸಲ, ಮೂರು ಸುತ್ತು, ದಿನಾ.

ಹೊಸ ಬ್ಯಾಂಡು ಕೊಟ್ಟರು. ನಾನು ಅದನ್ನು ಪೊಟ್ಟಣದಿಂದ ತೆಗೆಯಲೇ ಇಲ್ಲ. ಅಣ್ಣನಿಗೂ ಹಿಂದೊಮ್ಮೆ ಭುಜ ನೋವು ಬಂದಿತ್ತು. ಅವನ ಬ್ಯಾಂಡು ಮೆಟ್ಟಿಲ ಕೆಳಗಿನ ಗ್ರಿಲ್ಲಿಗೆ ಕಟ್ಟಿದ ಹಾಗೆಯೇ ಇತ್ತು. ಅವನು ನನಗಿಂತ ಒಂದು ಗೇಣು ಎತ್ತರ, ಗಂಟೂ ಅಷ್ಟು ಮೇಲೆ. ಆದರೆ ಅವನ ಕೈಯ ಗಂಟು. ಅದನ್ನು ಬಿಚ್ಚಲು ಮನಸ್ಸಾಗದೆ ಅದರಲ್ಲೇ ಎಳೆಯತೊಡಗಿದೆ.

ಇಷ್ಟು ಬೇಜಾರಿನ ಕೆಲಸವನ್ನು ನಾನು ಜೀವನದಲ್ಲಿ ಮಾಡಿಲ್ಲ. ಓಡಿದರೆ ಬೆವರು ಬರುತ್ತದೆ, ಚೆಂಡು ಹೊಡೆದರೆ ಸದ್ದು ಬರುತ್ತದೆ, ಇದರಲ್ಲಿ ಏನೂ ಬರುವುದಿಲ್ಲ. ಒಂಬತ್ತರವರೆಗೆ ಎಣಿಸಿ ಮರೆಯುವುದು, ಮತ್ತೆ ಒಂದರಿಂದ. ಕೋರ್ಟಿನ ಗೆಳೆಯ ನೋಡಲು ಬಂದವನು, "ಇದಕ್ಕೆ ಬ್ಯಾಂಡ್ ಯಾಕೆ ಗುರು, ಚಡ್ಡಿ ಇಲಾಸ್ಟಿಕ್ ಸಾಕಲ್ವಾ?" ಎಂದು ನಕ್ಕ. ಪಕ್ಕದ ಬಾಡಿಗೆ ಮನೆಯ ಹುಡುಗಿ, "ಅಂಕಲ್, ನಿಮ್ದಾದ್ಮೇಲೆ ಇದಕ್ಕೆ ಟವೆಲ್ ಒಣಗಾಕ್ಲಾ?" ಎಂದಳು.

ಆರು ವಾರ ಎಳೆದೆ.

ನೋವು ಹೆಚ್ಚಾಯಿತು. ಅಂಗಿಯ ತೋಳಿಗೆ ಕೈ ತೂರಿಸಲು ಹೆಂಡತಿ ಬೇಕಾಯಿತು. ಫಿಸಿಯೋ ಮೇಡಂ ಮೇಲೆ ರೇಗಿದೆ. ಅವರು ನಾನು ಮನೆಯಲ್ಲಿ ಮಾಡುವುದರ ವಿಡಿಯೋ ತರಿಸಿ ನೋಡಿದರು.

"ಸಾರ್, ಗಂಟು ನಿಮ್ಮ ಮೊಣಕೈಗಿಂತ ಎಷ್ಟು ಮೇಲಿದೆ ನೋಡಿ. ಭುಜ ಎತ್ತಿ ಎತ್ತಿ ಎಳೀತಿದೀರ. ರಬ್ಬರೂ ಬಿರುಕು ಬಿಟ್ಟಿದೆ, ಕಿತ್ತು ಮುಖಕ್ಕೆ ಹೊಡೆಯುತ್ತೆ. ಬಿಚ್ಚಿ ಬಿಸಾಕಿ."

"ಅದೊಂದು ಆಗಲ್ಲ ಮೇಡಂ."

"ಹಾಗಾದ್ರೆ ಟೆನಿಸ್ ಮರೆತುಬಿಡಿ."

ಮನೆಗೆ ಬಂದು ಗ್ರಿಲ್ಲಿನ ಮುಂದೆ ನಿಂತೆ. ಅಣ್ಣನ ಬಟ್ಟೆ ಕೊಟ್ಟಾಗಿತ್ತು, ಬೈಕು ಮಾರಿಯಾಗಿತ್ತು. ಈ ಮನೆಯಲ್ಲಿ ಅವನ ಕೈ ಬಿಗಿದದ್ದು ಬಿಗಿದ ಹಾಗೇ ಉಳಿದದ್ದು ಇದೊಂದೇ. ಇದನ್ನೂ ಬಿಚ್ಚಿದರೆ?

ಅತ್ತಿಗೆ ಬಾಗಿಲಿಗೆ ಬಂದರು. "ಯಾಕೋ ರಾಜು, ಹಂಗೆ ನಿಂತಿದೀಯ?"

ಹೇಳಿದೆ. "ಅಣ್ಣ ಕಟ್ಟಿದ್ದು ಅತ್ತಿಗೆ. ಹೆಂಗೆ ಬಿಚ್ಲಿ?"

"ನಿಮ್ಮಣ್ಣ ಕಟ್ಟಿದ್ದಾ? ಅವರಿಗೆ ಲುಂಗಿ ಗಂಟೇ ನಿಲ್ತಿರ್ಲಿಲ್ಲ! ಇದು ನಾನು ಹಸು ಕಟ್ತಿದ್ದ ಗಂಟು ಕಣಪ್ಪ. ಕೊಟ್ಟಿಗೆ ಇದ್ದಾಗ ದಿನಾ ನೋಡಿಲ್ವಾ?"

ತುದಿ ಹಿಡಿದು ಒಮ್ಮೆ ಎಳೆದರು. ಗಂಟು ಬಿಚ್ಚಿಕೊಂಡಿತು.

ನನಗೆ ಮೊದಲು ಸಿಟ್ಟು ಬಂತು. ಆರು ವಾರ ನೋವು ತಿಂದದ್ದು ಇದಕ್ಕಾ? ಮುಖ ತಿರುಗಿಸಿಕೊಂಡೆ. ಅತ್ತಿಗೆ ಬಿಚ್ಚಿದ ಬ್ಯಾಂಡನ್ನು ಮಡಿಸಿದರು, ಮತ್ತೆ ಬಿಡಿಸಿದರು, ಮತ್ತೆ ಮಡಿಸಿದರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹೊಸದು ತಗೊಂಬಾ. ಮೊಣಕೈ ಎಲ್ಲಿಗೆ ಬರುತ್ತೆ, ತೋರ್ಸು" ಎಂದರು.

ತೋರಿಸಿದೆ. ಅಲ್ಲಿಗೆ ಕಟ್ಟಿದರು.

ಈಗ ಎರಡು ತಿಂಗಳಾಯಿತು. ಕೈ ಕಿವಿಯ ಮಟ್ಟಕ್ಕೆ ಬರುತ್ತದೆ. ಸರ್ವ್ ಮಾಡಲು ಇನ್ನೂ ಅನುಮತಿ ಇಲ್ಲ. ಜೊತೆಗೆ ಯಾರು ಆಡುತ್ತಾರೋ ಗೊತ್ತಿಲ್ಲ. ಬೇಜಾರು ಹಾಗೇ ಇದೆ. ಆದರೆ ಎಣಿಕೆ ತಪ್ಪಿದರೆ ಅಡುಗೆಮನೆಯಿಂದ, "ಹನ್ನೊಂದು!" ಎಂದು ಅತ್ತಿಗೆ ಕೂಗುತ್ತಾರೆ.

ಹಳೆಯ ಗಂಟಿದ್ದಲ್ಲಿ ಕಂಬಿಯ ಬಣ್ಣ ಎದ್ದುಹೋಗಿದೆ. ಬಳಿಸಿಬಿಡೋಣ ಎಂದು ಹೆಂಡತಿ ಅಂದಳು.

"ಇರ್ಲಿ ಬಿಡು" ಎಂದೆವು, ನಾನೂ ಅತ್ತಿಗೆಯೂ, ಒಟ್ಟಿಗೇ.