ಮೆಣಸಿನಕಾಯಿ ಕಾಟಾದ ಮೇಲೆ ನಿಂತ ದಿನ

ರಾಣೆಬೆನ್ನೂರಿನ ದವಾಖಾನೆಯಲ್ಲಿ ಇವತ್ತು ನರ್ಸ್, "ಚಪ್ಪಲಿ ಬಿಟ್ಟು ಕಾಟಾದ ಮ್ಯಾಲೆ ನಿಂದ್ರಿ" ಅಂದರು. ತೂಕದ ಯಂತ್ರದ ತಣ್ಣನೆಯ ಕಬ್ಬಿಣ ಅಂಗಾಲಿಗೆ ತಾಗಿದ್ದೇ ತಡ, ಮೂಗಿಗೆ ಬ್ಯಾಡಗಿ ಮೆಣಸಿನಕಾಯಿಯ ಘಾಟು ಬಡಿದಂತಾಯಿತು.

ನಾನು ಸಣ್ಣವಳಿದ್ದಾಗ ಅವ್ವ ಬ್ಯಾಡಗಿಯ ಅಂಗಡಿಯೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಚೀಲಗಳ ತೂಕ ಮುಗಿದ ಮೇಲೆ ಕಾಟಾದ ಕಾಕಾ ನಮ್ಮಂಥ ಮಕ್ಕಳನ್ನು ಅದರ ಮೇಲೆ ನಿಲ್ಲಿಸಿ, ಚೀಲದ ತೂಕ ಕೂಗಿದ ಹಾಗೆಯೇ ನಮ್ಮ ತೂಕವನ್ನೂ ಕೂಗುತ್ತಿದ್ದ. ನನ್ನ ಸರದಿ ಬಂದಾಗ, "ಇದು ಒಂದೂವರಿ ಚೀಲ ಐತ್ರೋ!" ಎಂದ. ಕಾಕಾನಿಗೆ ಅದು ಅಕ್ಕರೆಯ ಮಾತು. ಅಂಗಡಿಯೆಲ್ಲ ನಕ್ಕಿತು.

ಮುಂದಿನ ತೂಕಕ್ಕೆ ಮೊದಲು ಎರಡು ದಿನ ನನ್ನ ರೊಟ್ಟಿಯನ್ನು ಕದ್ದುಮುಚ್ಚಿ ಎಮ್ಮೆಗೆ ಹಾಕಿದೆ. ಕಾಟಾ ಹತ್ತಿದವಳೇ ಉಸಿರು ಸಿಗದೆ ದಮ್ಮು ಹತ್ತಿ, ಕಣ್ಣು ಕತ್ತಲಿಟ್ಟು ಮೆಣಸಿನಕಾಯಿಯ ರಾಶಿಯ ಮೇಲೆ ಬಿದ್ದೆ. ಖಾರದ ಕೈ ನನ್ನ ಮುಖಕ್ಕೆ ತಾಗೀತೆಂದು ಅವ್ವ ಮೊಣಕೈಯಿಂದಲೇ ನನ್ನನ್ನು ಎತ್ತಿ ಕೂರಿಸಿದಳು.

"ಕಾಟಾ ಚೀಲಕ್ಕ ಮಾಡ್ಯಾರವ್ವಾ. ನಿನ್ನ ಮೈಗೆ ಏನ್ ಬೇಕು ಅಂತ ಅದಕ್ಕೇನ್ ಗೊತ್ತು? ಹಸಿವಾದ್ರ ಉಣ್ಣು. ದಮ್ಮು ಹತ್ತಿದ್ರ ಮುಚ್ಚಿಡಬ್ಯಾಡ, ನನಗ ಹೇಳು."

ಇವತ್ತು ಡಾಕ್ಟರಮ್ಮ, "ಮೆಟ್ಟಿಲು ಹತ್ತಿದ್ರ ದಮ್ಮು ಹತ್ತತದೇನ್ರಿ?" ಎಂದು ಕೇಳಿದರು. ತಿಂಗಳುಗಟ್ಟಲೆ ಮನೆಯವರಿಂದಲೂ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. "ಹತ್ತತದ್ರಿ."

"ನಾಷ್ಟಾ ಆಗೇತೇನ್ರಿ?"

ಐವತ್ತು ದಾಟಿದ ನಾನು, ಕಾಟಾಕ್ಕೆ ಹೆದರಿ, ಇವತ್ತೂ ರೊಟ್ಟಿ ಮುಟ್ಟದೆ ಬಂದಿದ್ದೆ.